ಹಿಂಡಿ ಚೀಲದ ಬದಲು ಬೇಲಿ ಗಿಡ: ಎಷ್ಟು ನಂಬಬಹುದು?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನವರು. ಎರಡು ಜೆರ್ಸಿ ಮಿಶ್ರತಳಿ ಹಸು, ನಾಲ್ಕು ಮಲೆನಾಡು ಗಿಡ್ಡ ಇವೆ. ಒಂದು ಎಕರೆ ಅಡಿಕೆ ತೋಟ, ಒಂದೂವರೆ ಎಕರೆ ಗದ್ದೆ, ಮನೆ ಹಿಂದೆ ಒಂದಿಷ್ಟು ಬೇಣ, ಅಂದರೆ ಹುಲ್ಲುಗಾವಲು. ಹತ್ತು ಗುಂಟೆಯಲ್ಲಿ ನೇಪಿಯರ್ ಹುಲ್ಲು ಹಾಕಿದ್ದೇವೆ. ಆಳೆತ್ತರ ಬಂದ ಮೇಲೆ ಕೊಯ್ಯುತ್ತೇವೆ. ಜೆರ್ಸಿಗಳು ಎಂಟೆಂಟು ಲೀಟರ್ ಹಾಲು ಕೊಡುತ್ತವೆ. ಒಂದೊಂದಕ್ಕೆ ದಿನಕ್ಕೆ ಮೂರು ಕೆಜಿ ಹಿಂಡಿ ಹಾಕುತ್ತೇವೆ. ಡೈರಿಯಿಂದ ಬರುವ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಂಡಿ ಚೀಲಕ್ಕೇ ಹೋಗುತ್ತದೆ. ಜನವರಿ ಕಳೆದರೆ ಬೇಣ ಒಣಗುತ್ತದೆ, ಹಾಲೂ ಇಳಿಯುತ್ತದೆ. ಪ್ರೋಟೀನ್ ಇರುವ ಮೇವು ಮನೆಯಲ್ಲೇ ಬೆಳೆದರೆ ಹಿಂಡಿಯೇ ಬೇಡ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ನೀರಲ್ಲಿ ತೇಲಿ ಬೆಳೆಯುವ ಅಜೋಲಾಕ್ಕೆ ತೊಟ್ಟಿ ಮಾಡಿದೆವು. ಕುದುರೆಮೆಂತೆ ಬೀಜ ತರಿಸಿ ಹಾಕಿದೆವು, ಗೇಣುದ್ದ ಬಂದು ಹಳದಿಯಾಗಿ ಸತ್ತಿತು. ಬೇಲಿಯಲ್ಲಿ ಗ್ಲಿರಿಸಿಡಿಯಾ ಇದೆ. ಅದು ವಿಷ ಅಂತ ನಮ್ಮ ಅತ್ತೆ ಹಾಕಲು ಬಿಡುವುದಿಲ್ಲ. ಹಿಂಡಿ ಪೂರ್ತಿ ನಿಲ್ಲಿಸಬಹುದೇ? ನಾವು ಏನು ಬೆಳೆಯಬೇಕು?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಎಂಟು ಲೀಟರ್ ಕೊಡುವ ಹಸುವಿಗೆ ಹಿಂಡಿ ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಆದರೆ ಮೂರು ಕೆಜಿಯನ್ನು ಎರಡಕ್ಕೆ ತರಬಹುದು. ಎಲ್ಲ ಕೂಡಿಬಂದರೆ ಒಂದೂವರೆಗೂ ಇಳಿಯಬಹುದು. ಅದಕ್ಕೆ ಬೇಕಾದ ಸಾಮಾನಿನಲ್ಲಿ ಅರ್ಧ ಈಗಾಗಲೇ ನಿಮ್ಮ ಬೇಲಿಯಲ್ಲೇ ನಿಂತಿದೆ. ಅತ್ತೆಯವರ ಮಾತಿಗೆ ಆಮೇಲೆ ಬರುತ್ತೇನೆ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ.

ಮೊದಲು ನಿಮ್ಮ ಜೆರ್ಸಿಯ ಲೆಕ್ಕ ನೋಡೋಣ. ಇದು ಒರಟು ಲೆಕ್ಕ, ಬೆರಳೆಣಿಕೆಯಷ್ಟು ಹೆಚ್ಚುಕಮ್ಮಿ ಇರುತ್ತದೆ. 350 ಕೆಜಿ ತೂಗುವ ಹಸು ಸುಮ್ನೆ ನಿಂತಿರಲು ದಿನಕ್ಕೆ ಸುಮಾರು 300ರಿಂದ 350 ಗ್ರಾಂ ಪ್ರೋಟೀನ್ ಬೇಕು. ಪ್ರತಿ ಲೀಟರ್ ಹಾಲಿಗೆ ಮತ್ತೆ 80ರಿಂದ 90 ಗ್ರಾಂ. ಎಂಟು ಲೀಟರಿಗೆ ಒಟ್ಟು ಒಂದು ಕೆಜಿ ಅಂದುಕೊಳ್ಳಿ. ಈಗ ನೀವು ಕೊಡುತ್ತಿರುವುದು ಏನು? ಐದು ಕೆಜಿ ಭತ್ತದ ಹುಲ್ಲಿನಲ್ಲಿ 160 ಗ್ರಾಂ ಸಿಕ್ಕರೆ ಹೆಚ್ಚು. ಹದಿನೈದು ಕೆಜಿ ಬಲಿತ ನೇಪಿಯರ್‌ನಲ್ಲಿ ಸುಮಾರು 200 ಗ್ರಾಂ. ಉಳಿದ 600 ಗ್ರಾಂ ಮೂರು ಕೆಜಿ ಹಿಂಡಿಯಿಂದ ಬರುತ್ತಿದೆ. ಚೀಲದ ಮೇಲೆ ಪ್ರೋಟೀನ್ ಶೇ. 20 ಅಥವಾ 22 ಅಂತ ಅಚ್ಚು ಹಾಕಿರುತ್ತಾರೆ, ನೋಡಿ. ಅಂದರೆ ನಿಮ್ಮ ಹಾಲಿನ ಬಹುಪಾಲು ಚೀಲದಿಂದಲೇ ಬರುತ್ತಿದೆ. ದುಡ್ಡು ಅಲ್ಲಿಗೇ ಹೋಗುವುದರಲ್ಲಿ ಆಶ್ಚರ್ಯ ಇಲ್ಲ.

ಈ ಲೆಕ್ಕದಲ್ಲಿ ಅಜೋಲಾವನ್ನು ಕೂರಿಸಿ ನೋಡಿ. ಅಜೋಲಾದಲ್ಲಿ ಶೇ. 20ಕ್ಕಿಂತ ಜಾಸ್ತಿ ಪ್ರೋಟೀನ್ ಇದೆ ಅನ್ನುವುದು ನಿಜ. ಆದರೆ ಅದು ಒಣಗಿಸಿದ ಅಜೋಲಾದ ಮಾತು. ತೊಟ್ಟಿಯಿಂದ ತೆಗೆದ ಹಸಿ ಅಜೋಲಾದಲ್ಲಿ ನೂರಕ್ಕೆ ತೊಂಬತ್ತಮೂರು, ತೊಂಬತ್ತನಾಲ್ಕು ಪಾಲು ನೀರೇ. ಎರಡು ಕೆಜಿ ಹಸಿ ಅಜೋಲಾ ಹಾಕಿದರೆ ಹೊಟ್ಟೆಗೆ ಹೋಗುವ ಪ್ರೋಟೀನ್ 25ರಿಂದ 30 ಗ್ರಾಂ. ಎರಡು ಹಿಡಿ ಹಿಂಡಿಗೆ ಸಮ. ಕೋಳಿಗೆ ಹಾಕಿ, ಕರುವಿಗೆ ಒಂದಿಷ್ಟು ಕೊಡಿ, ಬೇಡ ಅನ್ನುವುದಿಲ್ಲ. ನಾನೂ ಒಂದು ಕಾಲದಲ್ಲಿ ಕ್ವಾರ್ಟರ್ಸ್ ಹಿಂದೆ ಟಾರ್ಪಾಲಿನ ತೊಟ್ಟಿ ಮಾಡಿ ಬಂದವರಿಗೆಲ್ಲ ತೋರಿಸುತ್ತಿದ್ದೆ. ಜುಲೈನಲ್ಲಿ ಒಂದು ರಾತ್ರಿ ಮಳೆ ಹೊಯ್ದಿತು. ಬೆಳಗ್ಗೆ ನೋಡಿದರೆ ನನ್ನ ಅಜೋಲಾ ಪೂರ್ತಿ ರಸ್ತೆ ಚರಂಡಿಯಲ್ಲಿ ಹಸಿರಾಗಿ ಹೋಗುತ್ತಿತ್ತು. ಮತ್ತೆ ತೊಟ್ಟಿ ತುಂಬಿಸಲಿಲ್ಲ.

ಕುದುರೆಮೆಂತೆ ಸತ್ತಿದ್ದಕ್ಕೆ ನಿಮ್ಮ ಕೈಗುಣ ಕಾರಣ ಅಲ್ಲ. ನಮ್ಮ ಮಳೆ ನೂರಾರು ವರ್ಷದಿಂದ ಮಣ್ಣಿನ ಸುಣ್ಣದ ಅಂಶವನ್ನು ತೊಳೆದು ಕೆಳಗೆ ಕಳಿಸಿದೆ. ಹಾಗಾಗಿ ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಕುದುರೆಮೆಂತೆಗೆ ಹುಳಿಯೂ ಆಗದು, ಬೇರಿನಲ್ಲಿ ನೀರು ನಿಂತರೂ ಆಗದು. ಬಯಲುಸೀಮೆಯ ಕಪ್ಪು ಮಣ್ಣಿನಲ್ಲಿ ತೆಗೆದ ವಿಡಿಯೋ ನೋಡಿ ಹೊಸನಗರದಲ್ಲಿ ಬಿತ್ತಿದರೆ ಹೀಗೇ ಆಗುವುದು. ಸುಬಾಬುಲ್ ಅನ್ನುವ ಮೇವಿನ ಮರಕ್ಕೂ ಇದೇ ತಕರಾರು. ನಮ್ಮಲ್ಲಿ ಅದು ಕುಂಟುತ್ತಾ ಬೆಳೆಯುತ್ತದೆ.

ಇಲ್ಲೊಂದು ಸಣ್ಣ ಪರೀಕ್ಷೆ ಹೇಳಿಕೊಡುತ್ತೇನೆ. ದ್ವಿದಳ ಜಾತಿಯ ಯಾವ ಮೇವು ಹಾಕಿದರೂ ನಲವತ್ತು ದಿನಕ್ಕೆ ಒಂದು ಗಿಡವನ್ನು ಮಣ್ಣು ಸಮೇತ ಅಗೆದು ತೆಗೆಯಿರಿ. ಎಳೆಯಬೇಡಿ, ಬೇರಿನ ಗಂಟು ಉದುರಿಹೋಗುತ್ತದೆ. ಬೇರನ್ನು ನೀರಲ್ಲಿ ಅದ್ದಿ ತೊಳೆಯಿರಿ. ಸಾಸಿವೆ, ಕಾಳುಮೆಣಸಿನ ಗಾತ್ರದ ಗಂಟುಗಳು ಕಾಣಬೇಕು. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಬಣ್ಣ ಇದ್ದರೆ ಗಿಡ ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ ಎಂದರ್ಥ. ಆ ಕೆಂಪು ನಮ್ಮ ರಕ್ತದ ಬಣ್ಣದ ನೆಂಟ. ಬಿಳಿ ಅಥವಾ ಹಸಿರು ಕಂಡರೆ ಗಂಟು ಸುಮ್ನೆ ಕೂತಿದೆ, ಕೆಲಸ ಮಾಡುತ್ತಿಲ್ಲ. ಯೂರಿಯಾ ಹಾಕಿ ಅದನ್ನು ಎಬ್ಬಿಸಲು ಆಗುವುದಿಲ್ಲ, ಯೂರಿಯಾ ಸಿಕ್ಕರೆ ಅದು ಇನ್ನೂ ಸೋಮಾರಿಯಾಗುತ್ತದೆ. ಹುಳಿ ಮಣ್ಣಿಗೆ ಬೇಕಾದದ್ದು ಕೃಷಿ ಸುಣ್ಣ ಮತ್ತು ರಂಜಕ. ಸುಣ್ಣ ಎಷ್ಟು ಅಂತ ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಿ. ರಂಜಕಕ್ಕೆ ರಾಕ್ ಫಾಸ್ಫೇಟ್ ಸಾಕು. ಅದು ಹುಳಿ ಮಣ್ಣಿನಲ್ಲೇ ಚೆನ್ನಾಗಿ ಕರಗುವುದು. ಬಚ್ಚಲೊಲೆಯ ಬೂದಿಯೂ ಸುಣ್ಣದ ಕೆಲಸವನ್ನು ಅಷ್ಟಿಷ್ಟು ಮಾಡುತ್ತದೆ.

ಬೇಸಿಗೆಯಲ್ಲಿ ಹಾಲು ಯಾಕೆ ಇಳಿಯುತ್ತದೆ ಅನ್ನುವುದಕ್ಕೆ ಬರೋಣ. ದೋಸೆಗೆ ಬರೀ ಅಕ್ಕಿ ರುಬ್ಬಿಟ್ಟರೆ ಹಿಟ್ಟು ಉಬ್ಬುವುದಿಲ್ಲ, ಅಲ್ವಾ? ಒಂದು ಮುಷ್ಟಿ ಉದ್ದು ಬೇಕು. ದನದ ದೊಡ್ಡ ಹೊಟ್ಟೆಯೂ ಹಿಟ್ಟಿನ ಪಾತ್ರೆಯ ಹಾಗೇ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಹುಲ್ಲನ್ನು ಕರಗಿಸುವುದು ಅವು, ಹಸು ಅಲ್ಲ. ಅವು ಬದುಕಿ ಮರಿ ಹಾಕಲು ತಿನ್ನುವ ಮೇವಿನಲ್ಲಿ ಕನಿಷ್ಠ ಶೇ. 7ರಷ್ಟಾದರೂ ಪ್ರೋಟೀನ್ ಇರಬೇಕು. ಜನವರಿಯ ಬೇಣದ ಒಣಗಿದ ಕರಡ ಹುಲ್ಲಿನಲ್ಲಿ, ಭತ್ತದ ಹುಲ್ಲಿನಲ್ಲಿ ಇರುವುದು ಶೇ. 3ರಿಂದ 4. ಆಗ ಹುಲ್ಲು ಹೊಟ್ಟೆಯಲ್ಲೇ ಕೂರುತ್ತದೆ, ಕರಗುವುದಿಲ್ಲ. ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಹಸು ಮಾತ್ರ ಸೊರಗುತ್ತದೆ. ಮುಂದೆ ಎಷ್ಟು ಹುಲ್ಲು ಹಾಕಿದರೂ ಮೂಸಿ ಬಿಡುತ್ತದೆ. ಬೆಳಗ್ಗೆ ಕೊಟ್ಟಿಗೆಯಲ್ಲಿ ಸಗಣಿ ನೋಡಿ. ಒಂದರ ಮೇಲೊಂದು ಗಟ್ಟಿಯಾಗಿ ಪೇರಿಸಿದ ಹಾಗೆ ಬಿದ್ದು, ಒಳಗೆ ಉದ್ದುದ್ದ ನಾರು ಕಾಣುತ್ತಿದ್ದರೆ ಪಾತ್ರೆಗೆ ಉದ್ದು ಸಾಲುತ್ತಿಲ್ಲ ಎಂದು ತಿಳಿಯಿರಿ.

ಹಾಗಾಗಿ ನಿಮಗೆ ಬೇಕಿರುವುದು ವರ್ಷವಿಡೀ ಸಿಗುವ ಮೇವಲ್ಲ. ಜನವರಿಯಿಂದ ಮೇ ತಿಂಗಳವರೆಗಿನ ಐದು ತಿಂಗಳಿಗೆ ಒಂದಿಷ್ಟು 'ಉದ್ದು' ಬೇಕು. ಮಳೆಗಾಲದಲ್ಲಿ ಅದು ಬೇಣದಲ್ಲಿ ತಾನಾಗೇ ಇರುತ್ತದೆ.

ಮೊದಲ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ. ನೇಪಿಯರ್ ಆಳೆತ್ತರ ಬರುವವರೆಗೆ ಕಾಯಬೇಡಿ. ನಲವತ್ತೈದು, ಐವತ್ತು ದಿನಕ್ಕೆ, ಸೊಂಟದೆತ್ತರ ಮೀರುತ್ತಿದ್ದ ಹಾಗೆ ಕೊಯ್ಯಿರಿ. ಎಳೆಯ ನೇಪಿಯರ್‌ನಲ್ಲಿ ಪ್ರೋಟೀನ್ ಶೇ. 9ರ ಸುತ್ತ ಇರುತ್ತದೆ. ಮೂರು ತಿಂಗಳು ಬಲಿಸಿದರೆ ಆರಕ್ಕೆ ಇಳಿಯುತ್ತದೆ. ರಾಶಿ ದೊಡ್ಡದು ಕಾಣುತ್ತದೆ ನಿಜ, ಆದರೆ ಅರ್ಧ ಬರೀ ಕಡ್ಡಿ. ಹಸು ಎಲೆ ತಿಂದು ದಂಟು ಬಿಟ್ಟದ್ದನ್ನು ನೀವೇ ಗೊಬ್ಬರಗುಂಡಿಗೆ ಹೊತ್ತು ಹಾಕುತ್ತಿರುತ್ತೀರಿ. ಕೊಯ್ದ ಮೇಲೆ ಸಗಣಿ ನೀರು ಬಿಡುವುದನ್ನು ಮರೆಯಬೇಡಿ. ಎಳೆಯದಾಗಿ ಕೊಯ್ದರೆ ಬುಡಕ್ಕೆ ಗೊಬ್ಬರ ಜಾಸ್ತಿ ಬೇಕು.

ಈಗ ಗ್ಲಿರಿಸಿಡಿಯಾ. ಆ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಅಂತ. ಅದರ ತವರು ಮಧ್ಯ ಅಮೆರಿಕ. ಅಲ್ಲಿ ಅದರ ತೊಗಟೆ, ಎಲೆ ಬೆರೆಸಿ ಇಲಿಗೆ ವಿಷ ಇಡುತ್ತಿದ್ದರು. ಕುದುರೆಗೆ, ನಾಯಿಗೆ ಅದು ಒಳ್ಳೆಯದಲ್ಲ. ಅತ್ತೆಯವರು ಹೇಳುವುದರಲ್ಲಿ ಇಷ್ಟು ನಿಜ. ಆದರೆ ಮೆಲುಕು ಹಾಕುವ ಪ್ರಾಣಿಯ ವಿಷಯ ಬೇರೆ. ದನ, ಎಮ್ಮೆ, ಆಡಿಗೆ ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರದಂತೆ ಕೊಟ್ಟರೆ ತೊಂದರೆ ಇಲ್ಲ. ಎಷ್ಟೋ ದೇಶಗಳಲ್ಲಿ ಇದನ್ನೇ ನಂಬಿ ದನ ಸಾಕುತ್ತಾರೆ. ಒಣ ಲೆಕ್ಕದಲ್ಲಿ ಇದರ ಎಲೆಯಲ್ಲಿ ಪ್ರೋಟೀನ್ ಶೇ. 20 ಮೀರುತ್ತದೆ. ಐದು ಕೆಜಿ ಹಸಿ ಸೊಪ್ಪಿಗೆ ಸುಮಾರು 270 ಗ್ರಾಂ ಸಿಗುತ್ತದೆ. ಪ್ರೋಟೀನ್ ಒಂದನ್ನೇ ನೋಡಿದರೆ ಒಂದೂಕಾಲು ಕೆಜಿ ಹಿಂಡಿಗೆ ಸಮ. ಹುಳಿ ಮಣ್ಣನ್ನೂ ಇದು ಸಹಿಸುತ್ತದೆ.

ಹಸುಗಳು ಮೊದಲು ಮೂಗು ತಿರುಗಿಸುತ್ತವೆ. ಅದರ ವಾಸನೆ ಹಾಗಿದೆ. ಇಲ್ಲೇ ಹೆಚ್ಚಿನವರು ಕೈಬಿಡುವುದು. ಸೊಪ್ಪನ್ನು ಹಿಂದಿನ ದಿನವೇ ಸವರಿ, ನೆರಳಲ್ಲಿ ತೆಳ್ಳಗೆ ಹರವಿ ಬಾಡಿಸಿ. ರಾಶಿ ಹಾಕಬೇಡಿ. ಬೂಸ್ಟು ಹಿಡಿದ ಸೊಪ್ಪು ಹೊಟ್ಟೆಗೆ ಹೋದರೆ ರಕ್ತ ಹೆಪ್ಪುಗಟ್ಟದ ತೊಂದರೆ ಬರಬಹುದು. ಬಾಡಿದ್ದನ್ನು ಕೊಚ್ಚಿ, ಅಕ್ಕಚ್ಚಿನ ಜೊತೆ ಚಿಟಿಕೆ ಉಪ್ಪು, ತೌಡು ಹಾಕಿ ಕಲಸಿ, ಒಂದು ಹಿಡಿಯಿಂದ ಶುರು ಮಾಡಿ. ಒಂದು ವಾರ, ಕೆಲವಕ್ಕೆ ಎರಡು ವಾರ ಬೇಕು. ಒಂದು ಹಸು ತಿನ್ನಲು ಶುರು ಮಾಡಿದರೆ ಪಕ್ಕದ್ದು ಕುತ್ತಿಗೆ ಚಾಚುತ್ತದೆ. ಹಾಲು ಕರೆದ ಮೇಲೆ ಹಾಕಿ, ಮೊದಲೇ ಹಾಕಿದರೆ ಹಾಲಿಗೆ ವಾಸನೆ ಬರಬಹುದು.

ಇನ್ನೊಂದು ವಿಷಯ ವಿಡಿಯೋಗಳಲ್ಲಿ ಬರುವುದಿಲ್ಲ. ಗ್ಲಿರಿಸಿಡಿಯಾವನ್ನು ಸುಮ್ನೆ ಬಿಟ್ಟರೆ ಜನವರಿ ಹೊತ್ತಿಗೆ ಎಲೆ ಉದುರಿಸಿ ಗುಲಾಬಿ ಹೂ ಬಿಟ್ಟು ನಿಲ್ಲುತ್ತದೆ. ನಿಮಗೆ ಸೊಪ್ಪು ಬೇಕಾದಾಗಲೇ ಮರ ಬೋಳು! ಅದಕ್ಕೆ ಮಳೆ ಹಿಂದೆ ಸರಿಯುವ ಹೊತ್ತಿಗೆ, ಅಕ್ಟೋಬರ್ ಕೊನೆಯಲ್ಲಿ ಒಮ್ಮೆ ಎದೆಮಟ್ಟಕ್ಕೆ ಪೂರ್ತಿ ಸವರಬೇಕು. ಆಮೇಲೆ ಬರುವ ಚಿಗುರು ಹೂವಿಗೆ ಹೋಗದೆ ಬೇಸಿಗೆಯಲ್ಲೂ ಹಸಿರಾಗಿ ಉಳಿಯುತ್ತದೆ. ಅಕ್ಟೋಬರಿನಲ್ಲಿ ಸವರಿದ ಸೊಪ್ಪನ್ನು ನೆರಳಲ್ಲಿ ಗರಿಗರಿಯಾಗಿ ಒಣಗಿಸಿ ಚೀಲದಲ್ಲಿ ತುಂಬಿಡಿ. ಒಣಗಿದ ಮೇಲೆ ವಾಸನೆಯೂ ಕಮ್ಮಿ. ಹೊಸದಾಗಿ ನೆಡುವುದಾದರೆ ಮೇ ಕೊನೆ, ಜೂನ್ ಮೊದಲು ಸರಿಯಾದ ಹೊತ್ತು. ಹೆಬ್ಬೆರಳಿಗಿಂತ ದಪ್ಪದ, ಬಲಿತ, ಎದೆಯೆತ್ತರದ ಗೂಟ ಇರಲಿ. ಒಂದು ಜೆರ್ಸಿಗೆ ಬೇಸಿಗೆ ದಾಟಲು ನೂರು ಗಿಡ ಬೇಕು ಅಂತ ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ನೆಟ್ಟ ಮೊದಲ ವರ್ಷ ಸೊಪ್ಪಿನ ಆಸೆ ಬೇಡ.

ತೋಟದಲ್ಲಿ ಮೆಣಸು ಹಬ್ಬಿಸಿದ ಹಾಲವಾಣ ಇದ್ದರೆ ಅದರ ಸೊಪ್ಪೂ ಒಳ್ಳೆಯದೇ. ದನಗಳು ಕಲಿಸದೆಯೇ ತಿನ್ನುತ್ತವೆ. ಆದರೆ ಗಂಟು ಮಾಡುವ ಕಣಜ ಬಂದ ಮೇಲೆ ಹಾಲವಾಣ ಎಷ್ಟೋ ಕಡೆ ಸೊರಗಿದೆ.

ಮುಂದಿನದು ಗದ್ದೆ. ಭತ್ತ ಕೊಯ್ದ ಮೇಲೆ ನಿಮ್ಮ ಒಂದೂವರೆ ಎಕರೆ ಸುಮ್ನೆ ಬಿದ್ದಿರುತ್ತದೆ ಅಂದುಕೊಂಡಿದ್ದೇನೆ. ಕೊಯ್ಲಾದ ನಾಲ್ಕೈದು ದಿನದೊಳಗೆ, ಮಣ್ಣು ಇನ್ನೂ ತಂಪಾಗಿರುವಾಗ, ಇಪ್ಪತ್ತು ಗುಂಟೆಗೆ ಏಳೆಂಟು ಕೆಜಿ ಮೇವಿನ ಅಲಸಂದೆ ಬಿತ್ತಿ. ನೀರು ಬೇಗ ಆರುವ ಗದ್ದೆಯಾದರೆ ಅಲಸಂದೆ ಬದಲು ಹುರುಳಿ. ಐವತ್ತರಿಂದ ಅರವತ್ತು ದಿನಕ್ಕೆ, ಅರ್ಧ ಗಿಡ ಹೂವಾದಾಗ ಕೊಯ್ಯಿರಿ. ಕಾಯಿ ಬಲಿಯಲಿ ಅಂತ ಕಾದರೆ ಎಲೆ ಉದುರುತ್ತದೆ, ಪ್ರೋಟೀನ್ ಇರುವುದು ಎಲೆಯಲ್ಲಿ. ಕೊಯ್ದದ್ದರಲ್ಲಿ ಅರ್ಧ ಹಸಿಯಾಗಿ ಕೊಡಿ, ಉಳಿದದ್ದು ಒಣಗಿಸಿ. ಅಂಗಳದಲ್ಲಿ ಆಗ ಅಡಿಕೆಗೇ ಜಾಗ ಸಾಲುವುದಿಲ್ಲ, ಗೊತ್ತು. ಗದ್ದೆಯಲ್ಲೇ ಒಂದು ದಿನ ಬಾಡಿಸಿ, ಆಮೇಲೆ ಕೊಟ್ಟಿಗೆ ಮಾಡಿನ ಕೆಳಗೆ ಹಗ್ಗ ಕಟ್ಟಿ ನೇತು ಹಾಕಿ.

ಇದರಲ್ಲಿ ಎರಡು ಅಪಾಯ ಇವೆ. ಒಂದು ಊರ ದನ. ನಮ್ಮಲ್ಲಿ ಸುಗ್ಗಿ ಮುಗಿದರೆ ಗದ್ದೆ ಎಲ್ಲರದ್ದು, ಬೇಲಿಬಾಗಿಲ ದಣಪೆ ತೆಗೆದಿಡುತ್ತಾರೆ. ಇಡೀ ಬಯಲಲ್ಲಿ ನಿಮ್ಮೊಬ್ಬರ ಗದ್ದೆ ಹಸಿರಾಗಿದ್ದರೆ ಊರಿನ ದನ ಅಲ್ಲೇ ಇರುತ್ತವೆ. ಹಂದಿ, ಜಿಂಕೆಯೂ ಬರಬಹುದು. ಬೇಲಿ ಹಾಕಲು ಆಗದಿದ್ದರೆ ಬೀಜಕ್ಕೆ ದುಡ್ಡು ಹಾಕಬೇಡಿ. ಅಕ್ಕಪಕ್ಕದ ನಾಲ್ಕು ಮನೆಯವರು ಕೂಡಿ ಒಂದೇ ಬೇಲಿಯೊಳಗೆ ಬಿತ್ತಿದ್ದು ಗೆದ್ದದ್ದನ್ನು ನೋಡಿದ್ದೇನೆ. ಒಬ್ಬರೇ ಮಾಡಿದ್ದು ಗೆದ್ದದ್ದು ಅಪರೂಪ.

ಎರಡನೆಯದು ಹೊಟ್ಟೆಯುಬ್ಬರ. ನಮ್ಮ ಮನೆಯ ಹಸುವೇ ಒಂದು ಬೆಳಗ್ಗೆ ಹಗ್ಗ ಹರಿದುಕೊಂಡು ಇಬ್ಬನಿ ಬಿದ್ದ ಅಲಸಂದೆಗೆ ನುಗ್ಗಿತು. ನಾನು ಎದ್ದು ಬರುವ ಹೊತ್ತಿಗೆ ಎಡಗಡೆ ಪಕ್ಕೆ ಡೋಲಿನ ಹಾಗೆ ಬಿಗಿದಿತ್ತು. ಬೆರಳಲ್ಲಿ ತಟ್ಟಿದರೆ ಡಬ್ ಡಬ್ ಅನ್ನುತ್ತಿತ್ತು. ದನದ ಡಾಕ್ಟರ ಮನೆಯಲ್ಲೇ ಹೀಗಾದರೆ ಹೇಳುವುದೇನು! 250 ಎಂಎಲ್ ಕೊಬ್ಬರಿ ಎಣ್ಣೆ ನಿಧಾನವಾಗಿ ಕುಡಿಸಿ, ಮುಂಗಾಲು ಎತ್ತರದಲ್ಲಿ ಬರುವ ಹಾಗೆ ದಿಬ್ಬದ ಕಡೆ ನಿಲ್ಲಿಸಿ ನಡೆದಾಡಿಸಿದೆ. ಉಳಿಯಿತು. ಎಣ್ಣೆ ಕುಡಿಸುವಾಗ ತಲೆಯನ್ನು ತೀರಾ ಮೇಲೆ ಎತ್ತಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಎಣ್ಣೆ ಕೈಗೆತ್ತಿಕೊಳ್ಳುವ ಮೊದಲೇ ನಿಮ್ಮ ಪಶುವೈದ್ಯರಿಗೆ ಫೋನ್ ಹೋಗಿರಬೇಕು. ಹೀಗಾಗದಿರಲು ದಾರಿ ಸುಲಭ. ಮೊದಲು ಒಣಹುಲ್ಲು, ಆಮೇಲೆ ಬಾಡಿಸಿದ ಅಲಸಂದೆ. ಹಸಿದ ಹೊಟ್ಟೆಗೆ ಇಬ್ಬನಿ ಸೊಪ್ಪು ಬೇಡವೇ ಬೇಡ.

ಬೇಣಕ್ಕೆ ಸ್ಟೈಲೋ ಅನ್ನುವ ದ್ವಿದಳ ಮೇವು ಸರಿಹೊಂದುತ್ತದೆ. ಹುಳಿ ಮಣ್ಣು, ಬಡ ಮಣ್ಣು ಎರಡನ್ನೂ ಅದು ಸಹಿಸುತ್ತದೆ. ಪ್ರೋಟೀನ್ ಶೇ. 12ರಿಂದ 16. ಹೊಟ್ಟೆ ಉಬ್ಬಿಸುವುದಿಲ್ಲ. ಎಕರೆಗೆ ನಾಲ್ಕು ಕೆಜಿ ಬೀಜ. ಬೀಜದ ಸಿಪ್ಪೆ ಗಟ್ಟಿ. ನೀರು ಕುದಿಸಿ ಒಲೆಯಿಂದ ಇಳಿಸಿ, ಕುದಿ ನಿಂತು 80 ಡಿಗ್ರಿಯ ಸುತ್ತ ಬಂದಾಗ ಬೀಜ ಹಾಕಿ ನಾಲ್ಕೈದು ನಿಮಿಷಕ್ಕೆ ತೆಗೆದು ಆರಿಸಿ. ಜೂನ್‌ನಲ್ಲಿ ನೆಲ ಕೆರೆದು ಎರಚಿ, ಮೇಲೆ ಮಣ್ಣು ಜಾಸ್ತಿ ಬೇಡ. ಮೊದಲ ಎರಡು ತಿಂಗಳು ಏನೂ ಕಾಣುವುದಿಲ್ಲ, ಹುಲ್ಲೇ ಮೇಲೆ. ಮೊದಲ ವರ್ಷ ಅಷ್ಟು ಭಾಗಕ್ಕೆ ದನ ಬಿಡದೆ ಬೀಜ ಉದುರಲು ಬಿಟ್ಟರೆ ಎರಡನೇ ಮಳೆಗೆ ತಾನೇ ಹಬ್ಬುತ್ತದೆ. ಬೇಣಕ್ಕೆ ಬೆಂಕಿ ಹಾಕುವ ಅಭ್ಯಾಸ ಇದ್ದರೆ ಇದನ್ನು ಮರೆತುಬಿಡಿ. ಪಕ್ಕದಲ್ಲಿ ಅಕೇಶಿಯಾ ತೋಪು ಇದ್ದರೂ ಅದರ ನೆರಳಿಗೆ, ತರಗಿಗೆ ಏನೂ ಏಳುವುದಿಲ್ಲ. ಸ್ಟೈಲೋ ನಿಮಗೆ ಮೂರನೇ ವರ್ಷದ ಮಾತು. ಹತ್ತು ಗುಂಟೆಯಲ್ಲಿ ಹಾಕಿ ನೋಡಿ.

ಅಡಿಕೆ ಸಾಲಿನ ನಡುವೆ ಹಳದಿ ಹೂ ಬಿಡುವ ಪಿಂಟಾಯ್ ಶೇಂಗಾ ಹಬ್ಬಿಸಬಹುದು. ಪಾರ್ಕುಗಳಲ್ಲಿ ಹುಲ್ಲುಹಾಸಿನ ಬದಲು ನೆಡುತ್ತಾರಲ್ಲ, ಅದೇ. ನೆರಳಿಗೂ ಹುಳಿಗೂ ಜಗ್ಗದು. ಕೊಯ್ದು ಹಾಕಲು ಸಿಗುವುದು ಸ್ವಲ್ಪ. ಆದರೆ ಮಣ್ಣು ಕೊಚ್ಚಿಹೋಗುವುದು ನಿಲ್ಲುತ್ತದೆ.

ಯಾವುದೂ ಆಗದ ವರ್ಷಕ್ಕೆ ಯೂರಿಯಾ ಉಪಚಾರದ ಹುಲ್ಲು ಇದೆ. ನೂರು ಕೆಜಿ ಒಣಹುಲ್ಲಿಗೆ ನಾಲ್ಕು ಕೆಜಿ ಯೂರಿಯಾ, ಐವತ್ತರಿಂದ ಅರವತ್ತು ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ಗಾಳಿ ಆಡದಂತೆ ಮೂರು ವಾರ ಮುಚ್ಚಿಡಬೇಕು. ಪ್ರೋಟೀನ್ ಏಳೆಂಟಕ್ಕೆ ಏರುತ್ತದೆ, ಹುಲ್ಲೂ ಮೆತ್ತಗಾಗುತ್ತದೆ. ತೆರೆದ ಮೇಲೆ ಒಂದು ಗಂಟೆ ಗಾಳಿಗೆ ಹರವಿ ಕೊಡಿ. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ಅಳತೆ ತಪ್ಪಿದರೆ, ಕರಗದ ಕಾಳು ಉಳಿದರೆ ಅಥವಾ ಆ ನೀರನ್ನು ದನ ಕುಡಿದರೆ ಗಂಟೆಯೊಳಗೆ ಪ್ರಾಣ ಹೋಗಬಹುದು. ಮನೆಯಲ್ಲಿ ಒಬ್ಬರೇ ಜವಾಬ್ದಾರಿ ತೆಗೆದುಕೊಂಡು ತಕ್ಕಡಿ ಹಿಡಿದು ಮಾಡುವವರಿದ್ದರೆ ಮಾತ್ರ ಮಾಡಿ.

ಕಾಡಿನಿಂದ ಸೊಪ್ಪು ತಂದರಾಯಿತಲ್ಲ ಅಂತ ಮನೆಯಲ್ಲಿ ಯಾರಾದರೂ ಅನ್ನಬಹುದು. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಅದು ಹರಡುವುದು ಉಣುಗಿನಿಂದ. ಅದರ ಕಾಲ ಡಿಸೆಂಬರ್‌ನಿಂದ ಮೇ. ನಿಮಗೆ ಸೊಪ್ಪು ಬೇಕಾಗುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಆ ಐದಾರು ತಿಂಗಳು ಕಾಡಿಗೆ ಹೋಗುವುದು ತಪ್ಪಿದರೆ ಅದೊಂದೇ ಕಾರಣಕ್ಕೂ ಬೇಲಿ ಗಿಡ ಸಾರ್ಥಕ ಅನ್ನುತ್ತೇನೆ.

ಗಿಡ್ಡಗಳ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅವಕ್ಕೆ ಹಿಂಡಿ ಹಾಕುತ್ತಿದ್ದರೆ ಮೊದಲು ಅಲ್ಲೇ ಉಳಿಸಿ. ನೂರು ಕೆಜಿ ಸುತ್ತ ತೂಗುವ, ಎರಡು ಲೀಟರ್ ಕೊಡುವ ಹಸುವಿಗೆ ದಿನಕ್ಕೆ ಬೇಕಾದದ್ದು 300 ಗ್ರಾಂ ಪ್ರೋಟೀನ್. ಬೇಣದಲ್ಲಿ ಹುಲ್ಲಿನ ನಡುವೆ ಸೊಪ್ಪು, ಚಿಗುರು ಆರಿಸಿ ತಿನ್ನುವುದರಲ್ಲಿ ಅವು ಜಾಣ. ಬೇಸಿಗೆಯಲ್ಲಿ ಸಂಜೆ ಕೊಟ್ಟಿಗೆಗೆ ಬಂದಾಗ ಒಂದೂವರೆ ಕೆಜಿ ಬೇಲಿ ಸೊಪ್ಪು, ಅಕ್ಕಚ್ಚು ಸಿಕ್ಕರೆ ಸುಧಾರಿಸಿಕೊಳ್ಳುತ್ತವೆ.

ಜೆರ್ಸಿಗೆ ಹಿಂಡಿ ಇಳಿಸುವಾಗ ಅವಸರ ಬೇಡ. ಕರು ಹಾಕಿ ಎರಡು ತಿಂಗಳಾಗದ ಹಸುವಿಗೆ ಕೈ ಹಾಕಲೇಬೇಡಿ. ಕರಾವು ಐದಾರು ತಿಂಗಳು ದಾಟಿದ ಹಸುವಿನಿಂದ ಶುರು ಮಾಡಿ. ಸೊಪ್ಪು ಐದು ಕೆಜಿಗೆ ಬಂದ ಮೇಲೆ, ವಾರಕ್ಕೆ ಕಾಲು ಕೆಜಿಯಷ್ಟು ಹಿಂಡಿ ಕಮ್ಮಿ ಮಾಡಿ. ಹಾಲು ಅರ್ಧ ಲೀಟರಿಗಿಂತ ಜಾಸ್ತಿ ಇಳಿದರೆ ಒಂದು ಹೆಜ್ಜೆ ಹಿಂದೆ ಹೋಗಿ. ಹಿಂಡಿಯಲ್ಲಿ ಪ್ರೋಟೀನ್ ಮಾತ್ರ ಇರುವುದಲ್ಲ, ಶಕ್ತಿಯೂ ಇದೆ. ಸೊಪ್ಪು ಅದನ್ನು ತುಂಬಲಾರದು, ಅದಕ್ಕೆ ಒಂದಿಷ್ಟು ತೌಡು ಅಥವಾ ಅಕ್ಕಿ ನುಚ್ಚು ಜೊತೆಗಿರಲಿ. ಹಿಂಡಿಯೂ ಇರಲಿ, ಸೊಪ್ಪೂ ಇರಲಿ ಅಂತ ಎರಡನ್ನೂ ಸುರಿದರೆ ಹೆಚ್ಚಾದ ಪ್ರೋಟೀನ್ ಮೂತ್ರದಲ್ಲಿ ಹೋಗುತ್ತದೆ, ಗಬ್ಬ ನಿಲ್ಲುವುದೂ ಕಷ್ಟವಾಗಬಹುದು. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ ತಪ್ಪಿಸಬೇಡಿ. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮಳೆ ಬಿಟ್ಟ ಮೇಲೆ ಒಂದು ದಿನ ಅತ್ತೆಯವರನ್ನೂ ಕರೆದುಕೊಂಡು ಬೇಲಿ ಸುತ್ತಿ ಬನ್ನಿ. ಎಷ್ಟು ಗ್ಲಿರಿಸಿಡಿಯಾ ಇವೆ, ಎಷ್ಟು ಸವರುವ ಹದದಲ್ಲಿವೆ ಎಂದು ಎಣಿಸಿ. ಹಾಗೇ ಹಸು ಕರು ಹಾಕಿದ ದಿನಾಂಕ ಬರೆದು ಕಳಿಸಿ. ಯಾವ ಹಸುವಿನಿಂದ, ಯಾವ ವಾರದಿಂದ ಶುರು ಮಾಡುವುದು ಎಂದು ಆಗ ಹೇಳುತ್ತೇನೆ.